ಶಾಲು ಹೊದಿಸಿದವರ ಮೇಲೊಂದು ದೂರು

ಮೊನ್ನೆ ಭಾನುವಾರ ಒಳ್ಳೆಯ ಬಿಸಿಲು ಬಿದ್ದಿತ್ತು. ಬಿಸಿಲು ಕಂಡರೆ ನನ್ನ ಹೆಂಡತಿಗೆ ಕಪಾಟು ನೆನಪಾಗುತ್ತದೆ. ಅದರೊಳಗಿನ ಬಟ್ಟೆಯನ್ನೆಲ್ಲ ತಾರಸಿಗೆ ಸಾಗಿಸುವ ಕೆಲಸ ನನ್ನದು. ಮೇಲಿನ ಖಾನೆಯಿಂದ ಒಂದು ಗಂಟು ಇಳಿಸುತ್ತಿದ್ದ ಹಾಗೆ ನಾಫ್ತಲಿನ್ ಗುಳಿಗೆಯ ವಾಸನೆ ಗಮ್ಮೆಂದು ಮೂಗಿಗೆ ಹೊಡೆಯಿತು. ಬಿಚ್ಚಿದರೆ ಶಾಲುಗಳು. ಕೆಂಪು, ಹಸಿರು, ನೇರಳೆ, ಎಲ್ಲದಕ್ಕೂ ಒಂದೇ ಥರದ ಜರಿ ಅಂಚು. ಹದಿನಾಲ್ಕು ಇದ್ದವು.

"ಇದನ್ನು ಎಂತ ಮಾಡುದು ಮಾರಾಯ್ರೆ? ಹೊದಿಲಿಕ್ಕೆ ಸೆಕೆ, ನೆಲ ಒರೆಸ್ಲಿಕ್ಕೆ ನೀರು ಹೀರುದಿಲ್ಲ," ಎಂದಳು ಹೆಂಡತಿ.

ನೀವು ನಮ್ಮ ಕಡೆಯವರಲ್ಲದಿದ್ದರೆ ಸ್ವಲ್ಪ ವಿವರಿಸಬೇಕು. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಸನ್ಮಾನ ಆಗದೆ ಅರವತ್ತು ದಾಟುವುದು ಬಹಳ ಕಷ್ಟ. ತಪ್ಪಿಸಿಕೊಂಡು ಓಡಾಡಿದರೂ ಯಾರಾದರೊಬ್ಬರು ಹಿಡಿದು ಕುರ್ಚಿಯಲ್ಲಿ ಕೂರಿಸಿ, ತಲೆಗೆ ಪೇಟ, ಕೊರಳಿಗೆ ಹಾರ, ಮೈಗೆ ಶಾಲು, ತೊಡೆಯ ಮೇಲೊಂದು ಹಣ್ಣಿನ ಬುಟ್ಟಿ ಇಟ್ಟು ಫೋಟೊ ತೆಗೆದೇ ಬಿಡುತ್ತಾರೆ. ಹಾಲಿನ ಸೊಸೈಟಿಯ ಮಹಾಸಭೆ, ಭಜನಾ ಮಂಡಳಿಯ ವಾರ್ಷಿಕೋತ್ಸವ, ಹಳೆ ವಿದ್ಯಾರ್ಥಿಗಳ ಕೂಟ, ಯಾವುದಾದರೂ ಆದೀತು. ಕಡಬದಲ್ಲಿ ಒಮ್ಮೆ ಸನ್ಮಾನ ಮಾಡಿಸಿಕೊಳ್ಳಬೇಕಾದವರು ಬಸ್ಸು ತಪ್ಪಿ ಬರಲಿಲ್ಲವೆಂದು, ತಂದ ಶಾಲು ಹಾಳಾಗಬಾರದೆಂದು, ಧ್ವನಿವರ್ಧಕದವನಿಗೆ ಹೊದಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನು ಹೊದ್ದುಕೊಂಡೇ ಮೈಕು ಸರಿ ಮಾಡಿದ.

ಈ ಉದ್ಯಮದಲ್ಲಿ ನನ್ನದೂ ಒಂದು ಪಾಲು ಉಂಟು. ಪುತ್ತೂರಿನ ದರ್ಬೆಯಲ್ಲಿ ನನಗೊಂದು ಅಂಗಡಿ ಇದೆ. ಬೋರ್ಡಿನಲ್ಲಿ ಟೈಪಿಂಗ್, ಡಿಟಿಪಿ, ಜೆರಾಕ್ಸ್ ಎಂದಿದ್ದರೂ ನಿಜವಾದ ಹೆಸರು ಬಂದದ್ದು ಸನ್ಮಾನ ಪತ್ರದಿಂದ. ಚೌಕಟ್ಟು ಹಾಕಿಸಿ ವೇದಿಕೆಯಲ್ಲಿ ಓದಿ ಕೊಡುತ್ತಾರಲ್ಲ, ಅದು. ಎಲೆಮರೆಯ ಕಾಯಿ, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಬಹುಮುಖ ಪ್ರತಿಭೆಯ ಗಣಿ, ಇಂಥವು ನನ್ನ ಕಂಪ್ಯೂಟರಿನಲ್ಲಿ ಯಾವಾಗಲೂ ಸಿದ್ಧ. ಹೆಸರು ಬದಲಿಸಿದರೆ ಮುಗಿಯಿತು. ಒಮ್ಮೆ ಮಾತ್ರ ಹೆಸರು ಬದಲಿಸಿ ಉಳಿದದ್ದನ್ನು ಬದಲಿಸಲು ಮರೆತೆ. ಪಶುವೈದ್ಯರೊಬ್ಬರಿಗೆ ಬರೆದದ್ದು ನಿವೃತ್ತ ಗಣಿತ ಮೇಷ್ಟ್ರಿಗೆ ಹೋಯಿತು. "ಮೂಕಪ್ರಾಣಿಗಳ ನೋವನ್ನು ಮೂವತ್ತು ವರ್ಷ ಅರಿತವರು" ಎಂದು ಓದಿದಾಗ ಹಿಂದಿನ ಸಾಲಿನಲ್ಲಿ ಕೂತ ಅವರ ಹಳೆ ವಿದ್ಯಾರ್ಥಿಗಳು ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಮೇಷ್ಟ್ರು ನನ್ನನ್ನು ಕಂಡರೆ ಇವತ್ತಿಗೂ ರಸ್ತೆ ದಾಟುತ್ತಾರೆ.

ಅರ್ಜಿ ಬರೆಯುವುದೂ ಅದೇ ಕೈ. ಪುತ್ತೂರಿನ ಕಚೇರಿಗಳಿಗೆ ಬಂದವರು ಅರ್ಜಿ ಬರೆಸಲು ನನ್ನಲ್ಲಿಗೆ ಬರುತ್ತಿದ್ದರು. ಸನ್ಮಾನ ಪತ್ರದಲ್ಲಿ ಎದುರಿನವರನ್ನು ಏರಿಸುವುದು, ಅರ್ಜಿಯಲ್ಲಿ ನಮ್ಮನ್ನು ಇಳಿಸುವುದು. ವ್ಯತ್ಯಾಸ ಅಷ್ಟೇ ಎಂದು ತಿಳಿದಿದ್ದೆ. ತಮ್ಮ ಘನ ಸನ್ನಿಧಿಯಲ್ಲಿ, ಈ ಬಡವಳ ಮೇಲೆ ಕೃಪಾದೃಷ್ಟಿ ಬೀರಿ, ಕರುಣೆದೋರಿ ಎಂದೆಲ್ಲ ಬರೆದು ಜೋರಾಗಿ ಓದುತ್ತಿದ್ದೆ. ಕೇಳಿಸಿಕೊಂಡವರ ಕಣ್ಣು ಒದ್ದೆಯಾದರೆ ಅರ್ಜಿ ಚೆನ್ನಾಗಿ ಬಂದಿದೆ ಎಂದು ಲೆಕ್ಕ.

ಆಲೆಟ್ಟಿಯ ವಾರಿಜಾಕ್ಷಿ ನನ್ನ ಅಂಗಡಿಗೆ ಬಂದದ್ದು ಈಗ್ಗೆ ಮೂರು ವರ್ಷದ ಹಿಂದೆ, ಒಂದು ಪ್ಲಾಸ್ಟಿಕ್ ಚೀಲದ ತುಂಬ ಕಾಗದ ಹಿಡಿದುಕೊಂಡು. ಮಗಳು ಮೋಕ್ಷಿತಾ ಸುಳ್ಯದ ಕಡೆಯ ಒಂದು ಹೈಸ್ಕೂಲಿನಲ್ಲಿ ಎಂಟನೇ ತರಗತಿ. ಶಾಲೆಯ ಹೆಸರು ಬೇಡ. ಅಲ್ಲಿನವರು ಕೆಟ್ಟವರಲ್ಲ, ಅದೇ ಕತೆಯ ತೊಂದರೆ. ಹುಡುಗಿಗೆ ಹುಟ್ಟಿನಿಂದಲೇ ಕಾಲಿಗೆ ಬಲವಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ಏಳರವರೆಗೆ ಕಲಿತ ಶಾಲೆ ನೆಲಮಟ್ಟದ್ದು. ಹೈಸ್ಕೂಲಿನಲ್ಲಿ ತರಗತಿಗಳೆಲ್ಲ ಮಹಡಿಯ ಮೇಲೆ.

"ದಿನಾ ನಾನು ಎತ್ಕೊಂಡು ಹತ್ತುದು. ಇಪ್ಪತ್ತೆರಡು ಮೆಟ್ಲು," ಎಂದಳು ವಾರಿಜಾಕ್ಷಿ. "ಬೆಳಿಗ್ಗೆ ಹತ್ತಿಸುದು, ಸಂಜೆ ಇಳಿಸುದು. ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೆಳಗೆ ಬಂದ್ರೆ ಅವಳು ಮೇಲೆಯೇ ಒಬ್ಬಳೇ. ನೀರು ಕುಡಿಯುದಿಲ್ಲ, ಪುನಃ ಇಳಿಸ್ಬೇಕಾಗ್ತದಲ್ಲ ಅಂತ. ಅವಳ ಅಪ್ಪ ಬೆಳಿಗ್ಗೆಯೇ ಬಾಡಿಗೆಗೆ ಪಿಕಪ್ ತಕ್ಕೊಂಡು ಹೋಗ್ತಾರೆ, ಮತ್ತೆ ಎತ್ಲಿಕ್ಕೆ ನಾನೇ. ಈಗ ಅವಳು ಬೆಳಿತಾ ಇದ್ದಾಳೆ, ನನ್ನ ಸೊಂಟ ಬೆಳಿಯುದಿಲ್ಲ."

"ಕೆಳಗೆ ಕೋಣೆ ಇಲ್ವಾ?"

"ಉಂಟು. ಆಫೀಸು, ಟೀಚರ್‌ಗಳ ರೂಮು, ಮತ್ತೆ ಅತಿಥಿಗಳ ಕೋಣೆ. ಸೋಫಾ ಹಾಕಿದ್ದಾರೆ. ಅದರ ಪ್ಲಾಸ್ಟಿಕ್ ಇನ್ನೂ ತೆಗಿಲಿಲ್ಲ."

ಅವಳಿಗೆ ಬೇಕಾದದ್ದು ಇಷ್ಟೇ: ಎಂಟನೇ ತರಗತಿ ಆ ಅತಿಥಿ ಕೋಣೆಗೆ ಬರಬೇಕು. ಒಂದು ಸಾಲಿನ ಮಾತು. ನಾನು ಎರಡು ಪುಟ ಬರೆದೆ. ವಿಧಿಯ ಕ್ರೂರ ಆಟದಿಂದ ಶುರುಮಾಡಿ, ತಾಯಿಯ ಕಣ್ಣೀರನ್ನು ನಡುವೆ ತಂದು, ಶಾಲೆಯ ಸಂಚಾಲಕರನ್ನು ಕರುಣಾಸಾಗರರೆಂದು ಕರೆದು, ಈ ನತದೃಷ್ಟ ಮಗುವಿಗೆ ಯಾವುದಾದರೂ ಅನುಕೂಲ ದಯಪಾಲಿಸಬೇಕೆಂದು ಮುಗಿಸಿದೆ. ಅತಿಥಿ ಕೋಣೆಯ ಸಂಗತಿ ಸ್ವಲ್ಪ ಒರಟಾಗಿ ಕಂಡದ್ದರಿಂದ ಬಿಟ್ಟುಬಿಟ್ಟೆ. ಓದಿ ಹೇಳಿದಾಗ ವಾರಿಜಾಕ್ಷಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಜೆರಾಕ್ಸ್ ಮಾಡಿಸಲು ಬಂದ ಬ್ಯಾಂಕಿನವರೊಬ್ಬರೂ ಒರೆಸಿಕೊಂಡರು. ಆ ದಿನ ಮಧ್ಯಾಹ್ನ ಊಟ ಬಹಳ ರುಚಿಯಾಗಿತ್ತು ನನಗೆ.

ಅರ್ಜಿ ಶಾಲೆಗೆ ಹೋಯಿತು. ಮೂರು ವಾರದಲ್ಲಿ ಸಂಚಾಲಕರ ಫೋನು ನನಗೇ ಬಂತು. ಅವರು ನನ್ನ ಹಳೆಯ ಗಿರಾಕಿ. ಶಾಲಾ ವಾರ್ಷಿಕೋತ್ಸವದ ಆಮಂತ್ರಣ, ಸನ್ಮಾನ ಪತ್ರ ಎಲ್ಲ ನನ್ನಲ್ಲೇ ಆಗುತ್ತಿದ್ದದ್ದು. ಬಿಳಿ ಪಂಚೆ, ಮೆದು ಮಾತು, ಮಳೆಗಾಲದಲ್ಲಿ ಮಕ್ಕಳಿಗೆ ಕೊಡೆ ಹಂಚುವ ಮನುಷ್ಯ.

"ಎಂಥಾ ಅರ್ಜಿ ಮಾರಾಯ್ರೆ! ಮೀಟಿಂಗಿನಲ್ಲಿ ಓದಿದ್ದು, ಎಲ್ಲರಿಗೂ ಗಂಟಲು ಕಟ್ಟಿತು. ಒಂದು ತೀರ್ಮಾನ ಮಾಡಿದ್ದೇವೆ. ಆ ಹುಡುಗಿ ಇನ್ನು ಕಷ್ಟಪಟ್ಟು ಶಾಲೆಗೆ ಬರುದು ಬೇಡ. ಮನೆಯಲ್ಲೇ ಓದ್ಲಿ. ಹಾಜರಿ ನಾವು ನೋಡ್ಕೊಳ್ತೇವೆ, ಪರೀಕ್ಷೆಗೆ ಬಂದ್ರೆ ಸಾಕು. ಮತ್ತೆ ವಾರ್ಷಿಕೋತ್ಸವಕ್ಕೆ ತಾಯಿಗೆ ಒಂದು ಸನ್ಮಾನ. ಸನ್ಮಾನ ಪತ್ರ ನಿಮ್ಮದೇ. ಒಳ್ಳೆದು ಮಾಡಿ ಬರೀರಿ, ಆಯ್ತಾ?"

ನಿಮ್ಮಲ್ಲಿ ಮುಚ್ಚುಮರೆ ಯಾಕೆ, ನನಗೆ ಸಂತೋಷವೇ ಆಯಿತು. ಒಂದು ಅರ್ಜಿಗೆ ಎರಡು ಫಲ ಎಂದು ಹೆಂಡತಿಯಲ್ಲಿ ಹೇಳಿಕೊಂಡೆ. ವಾರಿಜಾಕ್ಷಿ ಫೋನಿನಲ್ಲಿ "ಹೌದಾ... ಆಗ್ಲಿ," ಎಂದಷ್ಟೇ ಹೇಳಿದಳು. ಅದನ್ನು ಗಂಟಲು ಕಟ್ಟಿದ ಲಕ್ಷಣ ಎಂದು ನಾನು ಓದಿಕೊಂಡೆ.

ಆ ಸಲದ ಸನ್ಮಾನ ಪತ್ರಕ್ಕೆ ಹಳೆಯದನ್ನು ತಿದ್ದಲಿಲ್ಲ, ಹೊಸದಾಗಿಯೇ ಬರೆದೆ. ಇಪ್ಪತ್ತೆರಡು ಮೆಟ್ಟಿಲುಗಳನ್ನು ಒಂದೊಂದಾಗಿ ವರ್ಣಿಸಿದೆ ಎಂದರೂ ಸರಿ. ಮಾತೃತ್ವದ ಮೇರುಶಿಖರ ಎಂಬ ಪ್ರಯೋಗ ಆ ದಿನ ಹುಟ್ಟಿದ್ದು. ನನ್ನ ಬರವಣಿಗೆ ಮೈಕಿನಲ್ಲಿ ಕೇಳುವ ಚಪಲದಿಂದ ವಾರ್ಷಿಕೋತ್ಸವಕ್ಕೆ ಸುಳ್ಯದ ಬಸ್ಸು ಹತ್ತಿ ನಾನೇ ಹೋದೆ.

ವೇದಿಕೆ ಎತ್ತರವಾಗಿತ್ತು. ವಾರಿಜಾಕ್ಷಿಯನ್ನು ಕರೆದರು; ಹತ್ತಿ ಹೋದಳು. ಮಗಳನ್ನೂ ಕರೆದರು, ಆಮೇಲೆ ಯಾರೋ ಸಂಚಾಲಕರ ಕಿವಿಯಲ್ಲಿ ಏನೋ ಹೇಳಿದರು, "ಪರವಾಗಿಲ್ಲ, ಮಗು ಅಲ್ಲೇ ಇರ್ಲಿ" ಎಂದು ಮೈಕಿನಲ್ಲೇ ಕೇಳಿಸಿತು. ಮೋಕ್ಷಿತಾ ಧ್ವನಿವರ್ಧಕದ ಮೇಜಿನ ಹತ್ತಿರ ಗಾಲಿಕುರ್ಚಿಯಲ್ಲಿ ಕೂತಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಎರಡು ಜಡೆ, ದೊಡ್ಡ ಕನ್ನಡಕ, ಮುಖದಲ್ಲಿ ಪರೀಕ್ಷೆ ನಡೆಸುವವರ ಗಾಂಭೀರ್ಯ. ಪಕ್ಕದ ಕುರ್ಚಿ ಖಾಲಿ ಇತ್ತು, ಹೋಗಿ ಕೂತೆ.

ಪತ್ರ ಓದಿದರು. ಇಪ್ಪತ್ತೆರಡು ಮೆಟ್ಟಿಲಿಗೆ ಬಂದಾಗ ಸಭೆ ಚಪ್ಪಾಳೆಯಲ್ಲಿ ಮುಳುಗಿತು. ನಾನು ಸ್ವಲ್ಪ ಬಾಗಿ, "ಅದು ನಾನು ಬರ್ದದ್ದು," ಎಂದೆ.

ಅವಳು ನನ್ನ ಕಡೆ ತಿರುಗಿದಳು. "ಚಂದ ಉಂಟು ಮಾಮ. ಆದ್ರೆ ನಾಳೆಯಿಂದ ನಾನು ಶಾಲೆಗೆ ಬರ್ಲಿಕ್ಕಿಲ್ಲ. ಅದು ಅದರಲ್ಲಿ ಬರಲಿಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ತಪ್ಪಿ ಹೋದದ್ದನ್ನು ನೆನಪಿಸುವ ಧ್ವನಿ. ವೇದಿಕೆಯ ಮೇಲೆ ವಾರಿಜಾಕ್ಷಿಗೆ ಶಾಲು ಹೊದಿಸುತ್ತಿದ್ದರು, ಫೋಟೊದವನು ನಗಿ ನಗಿ ಎನ್ನುತ್ತಿದ್ದ, ಅವಳು ನಗುತ್ತಿರಲಿಲ್ಲ. ಹುಡುಗಿಗೆ ಶಾಲೆ ಬೇಕಾಗಿತ್ತು. ನಾನು ಕರುಣೆ ಕೇಳಿದ್ದೆ. ಕೇಳಿದ್ದನ್ನು ಅವರು ಧಾರಾಳವಾಗಿ ಕೊಟ್ಟಿದ್ದರು. ಅವಳ ಶಾಲೆ ತಪ್ಪಿಸಿದ್ದು ನಾನು. ಕಾರ್ಯಕ್ರಮದ ನಂತರ ಎಲ್ಲರಿಗೂ ಉಪ್ಪಿಟ್ಟು, ಕೇಸರಿಬಾತು ಇತ್ತು. ಕೇಸರಿಬಾತು ಬಿಟ್ಟು ಎದ್ದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಮರುದಿನದಿಂದ ನನಗೆ ಓದುವ ಹುಚ್ಚು ಹಿಡಿಯಿತು. ಅಂಗವಿಕಲರ ಹಕ್ಕುಗಳ ಕಾನೂನನ್ನು ಕಂಪ್ಯೂಟರಿನಲ್ಲಿ ಹುಡುಕಿ, ನನ್ನದೇ ಯಂತ್ರದಲ್ಲಿ ಅಚ್ಚು ಹಾಕಿ, ಗಿರಾಕಿಗಳನ್ನು ಕಾಯಿಸಿ ಓದಿದೆ. ಮಗುವನ್ನು ಉಳಿದ ಮಕ್ಕಳ ಜೊತೆಯಲ್ಲೇ ಕಲಿಸಬೇಕು, ಕಟ್ಟಡ ಅವರಿಗೆ ಒದಗುವಂತಿರಬೇಕು, ಬೇಕಾದ ಹೊಂದಾಣಿಕೆ ಶಾಲೆ ಮಾಡಬೇಕು, ಮಾಡದಿದ್ದರೆ ಅದಕ್ಕೆಂದೇ ಇರುವ ಸರಕಾರಿ ಅಧಿಕಾರಿಗೆ ದೂರು ಕೊಡಬಹುದು ಎಂದಿತ್ತು. ನನ್ನ ಇಷ್ಟದ ಪದಗಳನ್ನು ಅದರಲ್ಲಿ ಹುಡುಕಿದೆ. ದಯೆ ಇರಲಿಲ್ಲ. ಕೃಪೆಯೂ ಇರಲಿಲ್ಲ. ಇಷ್ಟು ವರ್ಷ ಅರ್ಜಿ ಬರೆದವನಿಗೆ ಅದೊಂದು ಪೆಟ್ಟೇ.

ಮುಂದಿನ ವಾರ ಆಲೆಟ್ಟಿಗೆ ಹೋದೆ. ಅಂಗಳದಲ್ಲಿ ತೆಂಗಿನಕಾಯಿ ರಾಶಿ, ಜಗಲಿಯಲ್ಲಿ ಮೋಕ್ಷಿತಾ, ಅವಳ ಎದುರು ಗೋಡೆ ಗಡಿಯಾರ. ದೂರಿನ ವಿಷಯ ಎತ್ತಿದ್ದೇ ತಡ, ವಾರಿಜಾಕ್ಷಿ ಕೈಯಾಡಿಸಿಬಿಟ್ಟಳು.

"ಬೇಡ ಮಾರಾಯ್ರೆ. ಮೊನ್ನೆ ಶಾಲು ಹೊದಿಸಿದವರ ಮೇಲೆ ಇವತ್ತು ದೂರು ಕೊಡುದಾ? ಊರಿನವರು ಎಂತ ಹೇಳಿಯಾರು? ಮದುವೆ, ಸತ್ತವರ ಬೊಜ್ಜ, ಎಲ್ಲಿ ಹೋದ್ರೂ ಅವರು ಸಿಗ್ತಾರೆ. ಮುಖ ಹೇಗೆ ತೋರಿಸುದು?"

ನಮ್ಮಲ್ಲಿ ಹಾಗೆಯೇ. ಶಾಲು ಹೊದ್ದವನು ಹೊದಿಸಿದವರ ವಿರುದ್ಧ ಮಾತಾಡುವುದಿಲ್ಲ. ಸಂಚಾಲಕರು ಅದನ್ನು ಯೋಚಿಸಿ ಮಾಡಿದವರಲ್ಲ, ಪ್ರೀತಿಯಿಂದಲೇ ಮಾಡಿದ್ದರು; ಆದರೆ ಬಾಯಿ ಮುಚ್ಚಿದ್ದು ಮಾತ್ರ ನಿಜ. ಹುಡುಗಿ ಚಿಕ್ಕವಳಾದ್ದರಿಂದ ಅವಳ ಪರವಾಗಿ ಸಹಿ ಹಾಕಬೇಕಾದವಳು ತಾಯಿ. ತಾಯಿ ಒಲ್ಲೆ ಎಂದರೆ ದೂರೂ ಇಲ್ಲ, ಶಾಲೆಯೂ ಇಲ್ಲ.

ಅಷ್ಟರಲ್ಲಿ ಮೋಕ್ಷಿತಾ ಗಡಿಯಾರ ನೋಡಿ, ಯಾರಿಗೂ ಅಲ್ಲದ ಹಾಗೆ, "ಈಗ ವಿಜ್ಞಾನ ಶುರುವಾಯ್ತು," ಎಂದಳು.

"ಎಂತದು?" ಎಂದೆ.

"ಹೀಗೇ ದಿನಾ," ಎಂದಳು ವಾರಿಜಾಕ್ಷಿ. "ಈಗ ಗಣಿತ, ಈಗ ಇಂಟರ್‌ವೆಲ್, ಈಗ ಬೆಲ್ಲು. ನಾನು ಅಡಿಗೆ ಮನೆಯಲ್ಲಿ ಕೇಳ್ತಾ ಇರ್ತೇನೆ."

ಹೇಳುತ್ತಾ ಹೇಳುತ್ತಾ ಅವಳ ಸ್ವರ ತಗ್ಗಿತು. ಎದ್ದು ಒಳಗೆ ಹೋದಳು. ಕೈ ತೊಳೆದುಕೊಂಡ ಸದ್ದು ಕೇಳಿಸಿತು. ಸೆರಗಿನಿಂದ ಕೈ ಒರೆಸುತ್ತಾ ಬಂದು, "ಬರೀರಿ. ಎಲ್ಲಿ ಸಹಿ ಹಾಕ್ಬೇಕು ಹೇಳಿ," ಎಂದಳು.

ಬರೆಯಲು ಕೂತೆ. ಕೈ ಕೇಳಬೇಕಲ್ಲ? ತಮ್ಮ ಘನ ಎಂದು ಆಗಲೇ ಬರೆದಾಗಿತ್ತು. ಮೋಕ್ಷಿತಾ ಕುರ್ಚಿಯನ್ನು ಹತ್ತಿರ ಉರುಳಿಸಿಕೊಂಡು ಬಂದು ಕಾಗದದ ಮೇಲೆ ಬೆರಳಿಟ್ಟಳು.

"ಘನ ಬೇಡ ಮಾಮ."

"ಹಾಗಾದ್ರೆ ಈ ನತದೃಷ್ಟ..."

"ಯಾರು ನತದೃಷ್ಟ? ನಾನಾ? ತೆಗಿರಿ ಅದನ್ನು. ನಾನು ಹೇಳ್ತೇನೆ, ನೀವು ಬರೀರಿ."

ಅರವತ್ತರ ಹತ್ತಿರದ ಸಾಹಿತಿ, ಹದಿಮೂರರ ಹುಡುಗಿ ಹೇಳಿದ್ದನ್ನು ಬರೆದುಕೊಂಡೆ. ನನ್ನ ಹೆಸರು ಮೋಕ್ಷಿತಾ, ಎಂಟನೇ ತರಗತಿ. ನಾನು ಗಾಲಿಕುರ್ಚಿಯಲ್ಲಿ ಓಡಾಡುತ್ತೇನೆ. ನನ್ನ ತರಗತಿ ಮಹಡಿಯಲ್ಲಿದೆ. ಕೆಳಗಿನ ಅತಿಥಿ ಕೋಣೆ ವರ್ಷಕ್ಕೆ ಒಂದು ದಿನ ಮಾತ್ರ ತೆರೆಯುತ್ತದೆ. ನನ್ನ ತರಗತಿಯನ್ನು ಅಲ್ಲಿಗೆ ತರಬೇಕು. ಎಲ್ಲರ ಜೊತೆ ಕಲಿಯುವುದು ನನ್ನ ಹಕ್ಕು. ಕಾನೂನಿನ ಕಲಮುಗಳನ್ನು ಸೇರಿಸುವ ಗೌರವವನ್ನು ಮಾತ್ರ ನನಗೆ ಬಿಟ್ಟಳು. ಓದಿ ಹೇಳಿದೆ. ಯಾರ ಕಣ್ಣೂ ಒದ್ದೆಯಾಗಲಿಲ್ಲ. ಮೋಕ್ಷಿತಾ "ಸರಿ ಉಂಟು" ಎಂದಳು.

ಸಹಿ ಹಾಕಿದ ಮೇಲೆ ವಾರಿಜಾಕ್ಷಿ ಒಂದು ಷರತ್ತು ಹಾಕಿದಳು. "ಹೇಳದೆ ಕೊಡುದು ಬೇಡ. ಮೊದ್ಲು ಅವರಿಗೆ ತೋರಿಸಿ ಬನ್ನಿ. ಮತ್ತೆ ಬೇರೆಯವರ ಬಾಯಿಯಿಂದ ಗೊತ್ತಾಗುದು ಚಂದ ಅಲ್ಲ."

ಒಬ್ಬರ ಮೇಲೆ ದೂರು ಕೊಡುವ ಮೊದಲು ಅವರ ಮನೆಗೇ ಹೋಗಿ ದೂರು ಓದಿ ಹೇಳಿ ಕಾಫಿ ಕುಡಿದು ಬರುವ ಪದ್ಧತಿ ಬೇರೆಲ್ಲಾದರೂ ಉಂಟೋ ಇಲ್ಲವೋ ತಿಳಿಯದು. ನನಗಂತೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸಂಚಾಲಕರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮುಖ ಸಣ್ಣದಾಯಿತು.

"ಸನ್ಮಾನ ಮಾಡಿದ್ದೇವಲ್ಲ ಮಾರಾಯ್ರೆ!"

"ಹೌದು."

"ಹಾಜರಿ ಕೊಡ್ತೇವೆ ಅಂತ ಹೇಳಿದ್ದೇವಲ್ಲ!"

"ಹೌದು. ಅವಳಿಗೆ ಹಾಜರಿ ಬೇಡ, ಹಾಜರಾಗ್ಬೇಕಂತೆ."

ಅವರು ಕಾಗದವನ್ನು ಮತ್ತೆ ಎತ್ತಿಕೊಂಡರು. ಆಮೇಲೆ ಕಾಗದದ ಮೇಲೆ ಬೆರಳು ಓಡಿಸಿ, "ಇದೊಂದು ತಪ್ಪುಂಟು. ಆ ಕೋಣೆ ವರ್ಷಕ್ಕೆ ಒಂದು ದಿನ ಅಲ್ಲ, ಎರಡು ದಿನ ತೆರೀತೇವೆ. ಆಗಸ್ಟ್ ಹದಿನೈದಕ್ಕೂ ಉಂಟು. ಸರಿ ಮಾಡಿ," ಎಂದರು. ನಾನು ಅಲ್ಲೇ ಪೆನ್ನು ತೆಗೆದು ಒಂದನ್ನು ಎರಡು ಮಾಡಿದೆ. ಅವರ ಹೆಂಡತಿ ಇನ್ನೊಂದು ಲೋಟ ಕಾಫಿ ತಂದರು. ಮುಂದಿನ ವರ್ಷದ ಆಮಂತ್ರಣ ಪತ್ರಿಕೆ ಮಾತ್ರ ಬೇರೆ ಪ್ರೆಸ್ಸಿಗೆ ಹೋಯಿತು, ಅದನ್ನೂ ಹೇಳಿಬಿಡುತ್ತೇನೆ.

ದೂರು ಕೊಟ್ಟ ಮೇಲೆ ಕಾಯುವುದು. ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಳಿಸಲಾಗಿದೆ ಎಂಬ ಪತ್ರ, ಆ ಇನ್ನೊಂದರಿಂದ ತಲುಪಿದೆ ಎಂಬ ಪತ್ರ. ಅಷ್ಟು ದಿನವೂ ಆಲೆಟ್ಟಿಯ ಜಗಲಿಯಲ್ಲಿ ಗಣಿತ, ವಿಜ್ಞಾನ, ಬೆಲ್ಲು. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ವಿಚಾರಣೆಗೆ ಕರೆ ಬಂತು. ಹೋದರೆ, ವಿಚಾರಣೆಯ ಕೋಣೆ ಮಹಡಿಯ ಮೇಲೆ! ಕೆಳಗೆ ಗಾಲಿಕುರ್ಚಿಯಲ್ಲಿ ಮೋಕ್ಷಿತಾ, ಪಕ್ಕದಲ್ಲಿ ನಾವಿಬ್ಬರು, ಸ್ವಲ್ಪ ದೂರದಲ್ಲಿ ಸಂಚಾಲಕರು, ಎಲ್ಲರೂ ಆ ಮೆಟ್ಟಿಲುಗಳನ್ನೇ ನೋಡುತ್ತಾ ನಿಂತೆವು. ಸಂಚಾಲಕರಿಗೇ ಮೊದಲು ನಗು ಬಂತು. ಅವರು ನಕ್ಕದ್ದು ಕಂಡು ವಾರಿಜಾಕ್ಷಿಯೂ ನಕ್ಕಳು. ಆ ವಾರ್ಷಿಕೋತ್ಸವದ ನಂತರ ಅವರಿಬ್ಬರೂ ಮುಖಕ್ಕೆ ಮುಖ ಕೊಟ್ಟು ನೋಡಿದ್ದು ಆಗಲೇ.

ಅಧಿಕಾರಿ ನಡುವಯಸ್ಸಿನ ಹೆಂಗಸು. ಸುದ್ದಿ ಮುಟ್ಟಿದ್ದೇ ಫೈಲು ಹಿಡಿದು ತಾವೇ ಇಳಿದು ಬಂದರು. ಬೈಕು ನಿಲ್ಲಿಸುವ ಜಾಗದಲ್ಲಿ ಎರಡು ಕುರ್ಚಿ ಹಾಕಿಸಿ ವಿಚಾರಣೆ ಶುರುವಾಯಿತು. ಸಂಚಾಲಕರು ಶಾಲೆಯ ಇತಿಹಾಸ, ದಾನಿಗಳ ಹೆಸರು, ಮಗುವಿನ ಮೇಲೆ ಎಲ್ಲರಿಗೂ ಇರುವ ಮಮತೆ, ಎಲ್ಲವನ್ನೂ ಹೇಳಿದರು. ಸುಳ್ಳೇನಿರಲಿಲ್ಲ.

"ಅತಿಥಿ ಕೋಣೆ ಬಿಟ್ಟುಕೊಡ್ಲಿಕ್ಕೆ ಎಂತ ತೊಂದರೆ?" ಎಂದು ಅಧಿಕಾರಿ ಕೇಳಿದರು.

"ಸೋಫಾ ಉಂಟು ಮೇಡಂ. ಟ್ರೋಫಿಗಳುಂಟು. ಅದನ್ನೆಲ್ಲ ಎಲ್ಲಿ ಇಡುದು? ಹುಡುಗಿಯನ್ನು ಬೇಕಾದ್ರೆ ನಮ್ಮ ಇಬ್ಬರು ಅಟೆಂಡರು ದಿನಾ ಹೊತ್ಕೊಂಡು ಹತ್ತಿಸ್ತಾರೆ. ಭಾರ ಅಂತ ನಾವು ಯಾವತ್ತೂ ತಿಳ್ಕೊಳ್ಳುದಿಲ್ಲ."

ಆಗ ಮೋಕ್ಷಿತಾ ಬಾಯಿಬಿಟ್ಟಳು. "ಸರ್, ಸೋಫಾವನ್ನು ಹೊತ್ಕೊಂಡು ಹೋಗಿ ಸರ್. ಅದಕ್ಕೆ ನಾಚಿಕೆ ಆಗುದಿಲ್ಲ."

ಅಲ್ಲಿ ಬೈಕು ತೆಗೆಯಲು ಬಂದವನೂ ಕೀಲಿಕೈ ಹಿಡಿದುಕೊಂಡು ನಿಂತುಬಿಟ್ಟ. ವಾರಿಜಾಕ್ಷಿ ಮಗಳನ್ನೇ ನೋಡುತ್ತಿದ್ದಳು. ಅಷ್ಟು ತಿಂಗಳು ಎತ್ತಿ ಹತ್ತಿಸಿದವಳಿಗೂ ಅದು ಗೊತ್ತಿರಲಿಲ್ಲವೆಂದು ಆಮೇಲೆ ನನ್ನಲ್ಲಿ ಹೇಳಿದಳು. ಹದಿಮೂರು ವರ್ಷದ ಹುಡುಗಿ, ಸಹಪಾಠಿ ಹುಡುಗರೆಲ್ಲ ಮೆಟ್ಟಿಲ ಬದಿಗೆ ಸರಿದು ದಾರಿ ಬಿಡುತ್ತಿದ್ದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳಂತೆ. ತಾಯಿ ಅದನ್ನು ಆಯಾಸ ಎಂದುಕೊಂಡಿದ್ದಳು. ನಾನು ಅದೇ ಮೆಟ್ಟಿಲುಗಳನ್ನು ಮೇರುಶಿಖರ ಮಾಡಿ ಚಪ್ಪಾಳೆ ಹೊಡೆಸಿದ್ದೆ.

ಸಂಚಾಲಕರು ತಲೆ ತಗ್ಗಿಸಿ ಪಂಚೆಯ ಅಂಚು ಸರಿಮಾಡಿಕೊಂಡರು. "ಸೋಫಾ ಮೇಲೆ ಹೋಗ್ತದೆ ಮೇಡಂ. ಬರ್ಕೊಳ್ಳಿ," ಎಂದರು.

ಜೂನಿನಲ್ಲಿ ಶಾಲೆ ತೆರೆದಾಗ ಸೋಫಾ ಮೇಲೆ ಹೋಗಿತ್ತು, ಒಂಬತ್ತನೇ ತರಗತಿ ಕೆಳಗೆ ಬಂದಿತ್ತು. ಹೊಸಿಲಿಗೆ ಸಿಮೆಂಟಿನ ಇಳಿಜಾರೂ ಆಯಿತು. ಒಂದು ಸಂಜೆ ವಾರಿಜಾಕ್ಷಿ ಫೋನು ಮಾಡಿದಳು. "ಇವತ್ತು ಅವಳಿಗೆ ಸಮಾ ಬೈದಿದ್ದಾರೆ ಮಾರಾಯ್ರೆ! ಕ್ಲಾಸಿನಲ್ಲಿ ಬಾಯಿ ಮುಚ್ಚುದಿಲ್ಲ ಅಂತ, ಗೋಡೆ ಕಡೆ ಮುಖ ಮಾಡಿ ಕೂರಿಸಿದ್ರಂತೆ." ಹೇಳಿ ಹೇಳಿ ನಗುತ್ತಿದ್ದಳು. ಸನ್ಮಾನದ ದಿನ ಫೋಟೊದವನಿಗೆ ಸಿಗದ ನಗು.

ಆ ಮೇಲೆ ನನ್ನ ಬರವಣಿಗೆ ಕೆಟ್ಟುಹೋಯಿತು. ಅರ್ಜಿಗಳು ಕಾಲು ಪುಟಕ್ಕೆ ಇಳಿದವು. ಕೆಲವು ಹಳೆಯ ಗಿರಾಕಿಗಳು, ನಿಮ್ಮದರಲ್ಲಿ ಈಗ ಏನೂ ತೂಕ ಇಲ್ಲ ಎಂದು ಬೇಸರಿಸಿ ಬೇರೆಡೆಗೆ ಹೋದರು. ಕೆಲವು ಹೊಸಬರು ಬಂದರು. ಕಡಬದ ಆಚೆಯಿಂದ ಜೀಪು ಹತ್ತಿ ಒಬ್ಬರು ಬಂದಿದ್ದರು, ಕಿವಿ ಕೇಳದ ಮಗನನ್ನು ಶಾಲೆಯಲ್ಲಿ ಹಿಂದಿನ ಬೆಂಚಿಗೆ ಹಾಕಿದ್ದಾರೆಂದು. ಇನ್ನೊಬ್ಬಳು ತಾಯಿ, ಅಕ್ಷರ ಅದಲು ಬದಲಾಗುವ ಮಗಳಿಗೆ ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಕೊಡುತ್ತಿಲ್ಲವೆಂದು. ಬರೆದುಕೊಟ್ಟೆ. ಕೆಲವು ಆದವು, ಕೆಲವು ಇನ್ನೂ ಕಚೇರಿಯಿಂದ ಕಚೇರಿಗೆ ನಡೆಯುತ್ತಿವೆ. ಇಂಥದ್ದರಲ್ಲಿ ನಾನೊಬ್ಬ ತಿಳಿದವನು ಎಂಬ ಹೆಸರೂ ಬಂತು. ಹದಿನಾಲ್ಕನೆಯ ಶಾಲು ಅದಕ್ಕೇ ಹೊದಿಸಿದ್ದು. ಬೇಡವೆಂದು ಓಡಿದೆ, ಹಿಡಿದರು.

ಆ ಶಾಲನ್ನು ಬಿಸಿಲಿಗೆ ಹರವಿ ಕೆಳಗಿಳಿದು ಬಂದೆ. ಮೊಬೈಲಿನಲ್ಲಿ ಒಂದು ಸಂದೇಶ ಬಂದು ಕೂತಿತ್ತು, ಮೋಕ್ಷಿತಾಳದ್ದು. ಅವಳೀಗ ಪುತ್ತೂರಿನಲ್ಲೇ ಪಿಯುಸಿ. ಹಬ್ಬಕ್ಕೆ ಶುಭಾಶಯ ಕಳಿಸುವ ಜಾತಿಯವಳಲ್ಲ, ಹಾಗಾಗಿ ಕುತೂಹಲದಿಂದ ತೆರೆದೆ.

"ಅಂಗಡಿ ಮಾಲಕರಿಗೆ. ನಿಮ್ಮ ಅಂಗಡಿಗೆ ಮೂರು ಮೆಟ್ಟಿಲಿದೆ. ಕಾಲೇಜು ಸೇರಿದ ಮೇಲೆ ಐದು ಸಲ ಜೆರಾಕ್ಸಿಗೆ ಬಂದಿದ್ದೇನೆ. ಐದು ಸಲವೂ ರಸ್ತೆ ಬದಿಯಲ್ಲಿ ಕಾದಿದ್ದೇನೆ. ಇಳಿಜಾರು ಮಾಡಿಸಬೇಕು. ಮೋಕ್ಷಿತಾ."

ನಾನು ಎಂತ ಯೋಚಿಸಿದೆ ಗೊತ್ತುಂಟಾ? ಇಷ್ಟೆಲ್ಲ ಆದ ಮೇಲೂ ನನ್ನ ತಲೆಗೆ ಮೊದಲು ಬಂದ ಮಾತು: ನಾನೇ ಇಳಿದು ಹೋಗಿ ಅವಳ ಕೈಗೆ ಕೊಡುತ್ತೇನಲ್ಲ! ಹೌದು, ಐದು ಸಲವೂ ಇಳಿದು ಹೋಗಿದ್ದೆ. ಮೊದಲು ಅವಳದ್ದೇ ಮಾಡು ಎಂದು ಕೆಲಸದವಳಿಗೆ ಹೇಳಿದ್ದೆ. ಲಾರಿ ಧೂಳಿನಲ್ಲಿ ಕಾಯುತ್ತಿದ್ದವಳಿಗೆ ಕಾಗದ ಕೊಟ್ಟು ಕೆನ್ನೆ ತಟ್ಟಿ ಬಂದು, ಎಂಥ ಒಳ್ಳೆಯ ಮನುಷ್ಯ ನಾನು ಎಂದುಕೊಂಡು ಕುರ್ಚಿಯಲ್ಲಿ ಕೂತಿದ್ದೆ. ಅಪ್ಪನ ಕಾಲದ ಮೆಟ್ಟಿಲುಗಳು, ನಾನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವವು; ಅವು ಮೂರು ಎಂದು ಅವಳು ಬರೆದ ಮೇಲೆ ಎಣಿಸಿಕೊಂಡೆ. ಯಾರೂ ಎದುರಿಗಿರಲಿಲ್ಲ, ಆದರೂ ನಾಚಿಕೆಯಾಯಿತು.

ಉತ್ತರ ಟೈಪ್ ಮಾಡಲು ಹೊರಟೆ. ಪ್ರೀತಿಯ ಮಗಳೇ ಎಂದು ಶುರುಮಾಡಿ, ಅಳಿಸಿದೆ. ಮೇಸ್ತ್ರಿಗೆ ಫೋನು ಮಾಡಿದೆ.

ಅವನು ಇವತ್ತು ಬೆಳಿಗ್ಗೆ ಟೇಪು ಹಿಡಿದು ಬಂದ. ಅಳೆದು, ತಲೆ ಕೆರೆದು, ಇಳಿಜಾರು ಬೇಕಾದರೆ ಬೋರ್ಡಿನ ಕಂಬ ತೆಗೆಯಬೇಕು, ನಿಮ್ಮ ಸ್ಕೂಟರ್ ನಿಲ್ಲಿಸುವ ಜಾಗವೂ ಹೋಗುತ್ತದೆ ಎಂದ. ಹೋಗಲಿ ಎಂದೆ. ಆಮೇಲೆ ನನ್ನ ಮುಖ ನೋಡಿ, ಸ್ವರ ತಗ್ಗಿಸಿ, ಪಾಪ ಎನ್ನುವ ಹಾಗೆ ಕೇಳಿದ.

"ಯಾರಿಗೆ ಧಣಿ ಇದು? ಮನೆಯಲ್ಲಿ ಯಾರಿಗಾದ್ರೂ ಹುಷಾರಿಲ್ವಾ?"

"ಎ, ಎಲ್ಲರೂ ಹುಷಾರಿದ್ದಾರೆ ಮಾರಾಯ," ಎಂದೆ. "ಗಿರಾಕಿ ಒಳಗೆ ಬರ್ಬೇಕು."